ಹೊಗೆ ಅಳೆಯಲು ಹೋದವಳಿಗೆ ಗ್ಯಾಸಿನ ಉಪಚಾರ

ಏನು ಓದುತ್ತಿದ್ದೇವೆ ಎಂದು ಒಂದೇ ಮಾತಿನಲ್ಲಿ ಹೇಳಲು ಬಾರದ ವಿಷಯವನ್ನು ಯಾರೂ ಓದಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಡಾಕ್ಟರು, ಇಂಜಿನಿಯರು ಎಂದರೆ ಕೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನಾನು ಎಂ.ಎಸ್ಸಿ.ಗೆ ಸೇರಿದ್ದು ಪರಿಸರ ಆರೋಗ್ಯ ವಿಜ್ಞಾನಕ್ಕೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದ ಆ ಕಾಲದಲ್ಲಿ, ನಮ್ಮ ಕೊಪ್ಪದಲ್ಲಿ ಆ ಹೆಸರನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಯಾರಿಗೂ ಇರಲಿಲ್ಲ. ‘ಪರಿಸರ’ ಎಂಬಲ್ಲಿಗೇ ನಿಂತವರು, “ಗಿಡ ನೆಡಕ್ಕೂ ಎಂ.ಎಸ್ಸಿ. ಬೇಕಾ ಮಾರಾಯ್ತಿ?” ಎನ್ನುತ್ತಿದ್ದರು. ‘ಆರೋಗ್ಯ’ದವರೆಗೆ ಬಂದವರು ತಮ್ಮ ಮಂಡಿನೋವು ಹೇಳಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದ ಅಪ್ಪ ಮಾತ್ರ ಇದನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಗಿರಾಕಿ ಕೇಳಿದರೆ “ಸೈನ್ಸು” ಎಂದು ಹೇಳಿ ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡುಬಿಡುತ್ತಿದ್ದರು. ಸೂಜಿ ಕಚ್ಚಿಕೊಂಡವರನ್ನು ಎರಡನೆಯ ಪ್ರಶ್ನೆ ಯಾರು ಕೇಳುತ್ತಾರೆ?

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಮೇಷ್ಟ್ರು ನನಗೆ ಕೊಟ್ಟ ವಿಷಯ ಸೌದೆ ಒಲೆಯ ಹೊಗೆ. ಹಳ್ಳಿಯ ಅಡುಗೆಮನೆಗಳಲ್ಲಿ ಹೆಂಗಸರು ಎಷ್ಟು ಹೊಗೆ ಕುಡಿಯುತ್ತಾರೆ ಎಂದು ನಾನು ಅಳೆದು ತರಬೇಕು. ಅದಕ್ಕೊಂದು ಸಣ್ಣ ಪಂಪು ಇತ್ತು. ಅದು ಗಾಳಿಯನ್ನು ಎಳೆದು ಬಿಳಿ ಕಾಗದದ ಬಿಲ್ಲೆಯೊಂದರ ಮೂಲಕ ಹಾಯಿಸುತ್ತದೆ, ಮಸಿ ಕಾಗದದ ಮೇಲೆ ಉಳಿಯುತ್ತದೆ, ಆಮೇಲೆ ಕಾಗದವನ್ನು ತೂಗಿದರೆ ಲೆಕ್ಕ ಸಿಗುತ್ತದೆ. ಡಿಪಾರ್ಟ್‌ಮೆಂಟಿಗೆ ಇದ್ದದ್ದು ಅದೊಂದೇ ಪಂಪು. “ನಿನಗೆ ಏನಾದರೂ ಆದರೆ ನೋಡಿಕೊಳ್ಳೋಣ, ಇದಕ್ಕೆ ಏನೂ ಆಗಬಾರದು” ಎಂದು ಹೇಳಿಯೇ ಮೇಷ್ಟ್ರು ಅದನ್ನು ಕೈಗಿಟ್ಟರು. ತಿಂಗಳು ಮುಗಿಯುವುದರೊಳಗೆ ಅಳತೆ ಸಿಗದಿದ್ದರೆ ಪಂಪು ಇನ್ನೊಬ್ಬಳ ಪಾಲಾಗಿ, ನನ್ನ ಡಿಗ್ರಿ ಮುಂದಿನ ವರ್ಷಕ್ಕೆ ಹೋಗುತ್ತಿತ್ತು.

ಮೊದಲು ಶೃಂಗೇರಿಯ ಹತ್ತಿರದ ಕಿಗ್ಗಕ್ಕೆ ಹೋದೆ, ಆಮೇಲೆ ಕಡಹಿನಬೈಲಿಗೆ. ಎರಡೂ ಕಡೆ ಕಾಗದ ಮಲ್ಲಿಗೆಯಷ್ಟು ಬೆಳ್ಳಗೇ ವಾಪಸು ಬಂತು. ಯೂನಿವರ್ಸಿಟಿಯವರು ಬರುತ್ತಾರೆಂದು ಮನೆಯವರು ಒಲೆಗೆ ಸಾರಣೆ ಮಾಡಿ, ರಂಗೋಲಿ ಹಾಕಿ, ಅಡುಗೆಯನ್ನೆಲ್ಲ ಗ್ಯಾಸಿನ ಮೇಲೆ ಮಾಡಿದ್ದರು. ಗ್ಯಾಸಿಲ್ಲದ ಮನೆಯವರು ನನಗಾಗಿ ಪಕ್ಕದ ಮನೆಯಲ್ಲಿ ಉಪ್ಪಿಟ್ಟು ಮಾಡಿಸಿಕೊಂಡು ಬಂದರು. ಹೊಗೆ ಕೊಡಿ ಎಂದು ಬೇಡಿದವಳಿಗೆ ಸಿಕ್ಕಿದ್ದು ಬರೀ ಉಪಚಾರ.

ಕೊನೆಗೆ ನರಸಿಂಹರಾಜಪುರದಿಂದ ಬಸ್ಸು ಹತ್ತಿ ಸೀತೂರಿಗೆ, ಅಮ್ಮನ ಶಾಲೆಯ ಗೆಳತಿ ಗಿರಿಜ ಚಿಕ್ಕಮ್ಮನ ಮನೆಗೆ ಹೋದೆ. ಚಿಕ್ಕಮ್ಮ ಮಾತಿನ ಮಧ್ಯೆ ಕೆಮ್ಮುತ್ತಿದ್ದರೋ, ಕೆಮ್ಮಿನ ಮಧ್ಯೆ ಮಾತಾಡುತ್ತಿದ್ದರೋ ಹೇಳುವುದು ಕಷ್ಟ. ಅವರೂ ನನ್ನನ್ನು ಕಂಡದ್ದೇ ಗ್ಯಾಸ್ ಸ್ಟೋವಿಗೆ ಹೊದಿಸಿದ್ದ ಕಸೂತಿ ಬಟ್ಟೆ ತೆಗೆದರು.

“ಚಿಕ್ಕಮ್ಮ, ನನಗೆ ಸೌದೆ ಒಲೆಯ ಹೊಗೆಯೇ ಬೇಕು.”

“ನಿಂಗೆ ತಲೆ ಕೆಟ್ಟಿದ್ಯಾ? ಬಂದ ಹುಡುಗಿನ ಹೊಗೇಲಿ ಕೂರಿಸಿದೆ ಅಂತ ನಿಮ್ಮಮ್ಮಂಗೆ ಗೊತ್ತಾದ್ರೆ ಏನಂದ್ಕೊಳ್ತಾಳೆ?”

ಬೇರೆ ದಾರಿಯಿಲ್ಲದೆ ಅಲ್ಲೇ ಉಳಿದೆ. ಅತಿಥಿಯ ಪದವಿ ಬಹಳ ದಿನ ಬಾಳುವುದಲ್ಲ ಎಂಬುದು ಆಗ ಗೊತ್ತಾಯಿತು. ಮೊದಲು ಕಾಫಿಯ ಜೊತೆಗಿನ ಕೋಡುಬಳೆ ನಿಂತಿತು, ಆಮೇಲೆ ಕಾಫಿಯನ್ನು ನಾನೇ ಹೋಗಿ ಬಗ್ಗಿಸಿಕೊಳ್ಳುವಂತಾಯಿತು. ಒಂದು ಬೆಳಗ್ಗೆ ಚಿಕ್ಕಮ್ಮ ನನ್ನ ಹೊದಿಕೆ ಎಳೆದು, “ಏಳೇ, ಬಿಸಿಲು ಅಂಗಳಕ್ಕೆ ಬಂತು. ಎದ್ದು ಹುರುಳಿಕಾಯಿ ಸೋಸು” ಎಂದು ಗದರಿದರು. ಕಣ್ಣು ಬಿಟ್ಟರೆ ಮನೆಯ ತುಂಬ ಹೊಗೆ. ಬೈಸಿಕೊಂಡು ಅಷ್ಟು ಸಂತೋಷವಾದದ್ದು ನನಗೆ ಅದೇ ಮೊದಲು. ಮುಖವನ್ನೂ ತೊಳೆಯದೆ ಓಡಿಹೋಗಿ ಪಂಪನ್ನು ಅವರ ಸೊಂಟಕ್ಕೆ ಕಟ್ಟಿದೆ.

ಅಡುಗೆ ಮುಗಿದ ಮೇಲೆ ಬಿಲ್ಲೆ ತೆಗೆದು ನೋಡಿದರೆ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು. ಚಿಕ್ಕಮ್ಮ ಹತ್ತಿರ ಬಂದು ಬಗ್ಗಿ ನೋಡಿದರು.

“ಎಂತದೇ ಇದು?”

“ಬೆಳಗ್ಗೆಯಿಂದ ನೀವು ಕುಡಿದ ಹೊಗೆ.”

“ಇವತ್ತೊಂದು ಬೆಳಗ್ಗೇದಾ?”

ಹೂಂ ಎಂದೆ. ಅವರು ಮಣೆಯ ಮೇಲೆ ಕೂತರು. “ಮದುವೆಯಾಗಿ ಬಂದಾಗಿಂದ ಇದೇ ಒಲೆ” ಎಂದರು ಮೆಲ್ಲಗೆ. ಶ್ವಾಸಕೋಶದ ಮೇಲೆ ದೊಡ್ಡದೊಂದು ಭಾಷಣವನ್ನೇ ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಅದನ್ನು ಬಿಟ್ಟು ಅವರಿಗೊಂದು ಲೋಟ ನೀರು ತಂದುಕೊಟ್ಟೆ.

ಮಧ್ಯಾಹ್ನ ಅವರ ಗಂಡ ಮಲ್ಲೇಶಪ್ಪ ಚಿಕ್ಕಪ್ಪ ಊಟಕ್ಕೆ ಕೂತರು. ಗ್ಯಾಸಿನ ಮೇಲೆ ಮಾಡಿದ ಸಾರಿಗೆ ರುಚಿಯಿಲ್ಲ ಎನ್ನುವವರು ಅವರೇ. ಚಿಕ್ಕಮ್ಮ ಆ ಬಿಲ್ಲೆಯನ್ನು ತಂದು ಅವರ ತಟ್ಟೆಯ ಅಂಚಿಗಿಟ್ಟರು.

“ಇದೇನು, ಸಂಡಿಗೆಯಾ? ಪೂರ್ತಿ ಸೀದು ಹೋಗಿದ್ಯಲ್ಲ.”

“ಅಲ್ಲ. ನನ್ನ ಎದೆ” ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗಿಳಿಸಿದರು. ಅವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅರ್ಧ ಊಟಕ್ಕೇ ಕೈ ತೊಳೆದು, ಅಂಗಿ ಹಾಕಿಕೊಂಡು, “ಇನ್ನೊಂದು ಸಿಲಿಂಡರ್ ಬುಕ್ ಮಾಡಿ ಬರ್ತೀನಿ. ಇರೋದನ್ನ ಇವತ್ತಿಂದ್ಲೇ ಉರಿಸು” ಎಂದು ಬಸ್ಸಿಗೆ ಹೊರಟರು. ಅವರ ಚಪ್ಪಲಿಯ ಸದ್ದು ದೂರವಾಗುವವರೆಗೂ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

ಇಡೀ ಓದಿನಲ್ಲಿ ನನ್ನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಆ ಮಧ್ಯಾಹ್ನವೇ. ಆದರೆ ತಟ್ಟೆಯಿಂದ ಬಿಲ್ಲೆ ಎತ್ತಿಕೊಂಡಾಗ ಅದರ ಅರ್ಧ ಸಾರಿನಲ್ಲಿ ನೆನೆದಿತ್ತು. ಸಾರು ಕುಡಿದ ಕಾಗದವನ್ನು ತೂಗಿದರೆ ಬರುವುದು ಬೇಳೆಯ ಲೆಕ್ಕ. ಇನ್ನೊಂದು ಅಳತೆ ಬೇಕೆಂದರೆ ಚಿಕ್ಕಮ್ಮ ಮತ್ತೆ ಒಲೆ ಹಚ್ಚಬೇಕು. ಕೇಳಲು ಎರಡು ಸಲ ಅಡುಗೆಮನೆಗೆ ಹೋದೆ. ಎರಡು ಸಲವೂ ಅವರು ನೀಲಿ ಉರಿಯ ಮುಂದೆ ನಿಂತು, ಕೆಮ್ಮದೆ, ತಮ್ಮಷ್ಟಕ್ಕೆ ಏನೋ ಗುನುಗುತ್ತಿದ್ದರು. ನೀರು ಕುಡಿದು ವಾಪಸು ಬಂದೆ.

ಮರುದಿನ ಪಂಪನ್ನು ನನ್ನ ಸೊಂಟಕ್ಕೇ ಕಟ್ಟಿಕೊಂಡು, ನಾನೇ ಸೌದೆ ಒಲೆ ಹಚ್ಚಿ ಅದರ ಮುಂದೆ ಕೂತೆ. ಚಿಕ್ಕಮ್ಮ ಬೇಡ ಬೇಡ ಎಂದರು, ಆಮೇಲೆ ಜಗಲಿಯಲ್ಲಿ ಕೂತು ನಕ್ಕರು. ಉಳಿದ ಮನೆಗಳಿಗೆ ಹೋದಾಗ ಜಗಲಿಯಲ್ಲಿ ಕೂರದೆ ನೇರ ಅಡುಗೆಮನೆಗೆ ನುಗ್ಗಿ ತರಕಾರಿ ಹೆಚ್ಚಲು ಕೂತೆ. ಅತಿಥಿ ಅನ್ನಿಸಿಕೊಳ್ಳದೆ ಹೋದ್ದರಿಂದ ಎಲ್ಲ ಕಡೆಯೂ ಬೇಕಾದಷ್ಟು ಹೊಗೆ ಸಿಕ್ಕಿತು. ಸೀತೂರಿನ ಅಳತೆ ನನ್ನದೇ ಎಂದು ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ, ಆದರೆ ಸಣ್ಣ ಅಕ್ಷರಗಳನ್ನು ಯಾರು ಓದುತ್ತಾರೆ? ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪ್ರೊಫೆಸರು ಹಾಳೆ ತಿರುಗಿಸುತ್ತಾ ಸೀತೂರಿನ ಅಂಕಿಗೇ ಬಂದು ನಿಂತರು.

“ಈ ಸೀತೂರಿನ ಹೆಂಗಸಿಗೆ ಮಾತ್ರ ಉಳಿದವರ ಎರಡರಷ್ಟು ಹೊಗೆ. ಅಡುಗೆಮನೆಗೆ ಕಿಟಕಿ ಇಲ್ಲವೇನಮ್ಮ?”

“ಕಿಟಕಿ ಇದೆ ಸಾರ್” ಎಂದೆ. “ಆ ಹೆಂಗಸಿಗೆ ಒಲೆ ಹಚ್ಚಲು ಬರುವುದಿಲ್ಲ.”