ಆನೆ ತಿರುಗಲಾರದ ರಸ್ತೆ

ಇಂಜಿನಿಯರಿಗೆ ದೇವರು ಎರಡು ಕಿವಿ ಕೊಟ್ಟದ್ದು ಕನ್ನಡಕ ಸಿಕ್ಕಿಸಿಕೊಳ್ಳಲು ಮಾತ್ರ. ಇದು ಅವರ ಹೆಂಡತಿಯ ತೀರ್ಪು. ಇಷ್ಟು ಕಾಲ ಸಂಸಾರ ಮಾಡಿದ ಮೇಲೆ ಅದಕ್ಕೆ ಅಪೀಲು ಇರಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಆಕೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ತರಗತಿಯಲ್ಲಿ ಮೇಡಂ ಬಾಯಿ ತೆರೆದರೆ ನೂರು ಪೆನ್ನುಗಳು ಏಳುತ್ತಿದ್ದವು. ಮನೆಯಲ್ಲಿ ತೆರೆದರೆ ಇಂಜಿನಿಯರು ಪೇಪರಿನ ಪುಟ ಮಗುಚುತ್ತಿದ್ದರು.

ಮೇಡಂಗೆ ಇದ್ದದ್ದು ಒಂದೇ ಆಸೆ: ಆನೆಯ ಸದ್ದಿಲ್ಲದ ನಡಿಗೆಯನ್ನು ಹತ್ತಿರದಿಂದ ಕಾಣಬೇಕು. ಆನೆಯ ಹಿಮ್ಮಡಿಯಡಿ ಕೊಬ್ಬಿನ ಮೆತ್ತೆಯಿದೆ, ಅದಕ್ಕೇ ಅಷ್ಟು ದೊಡ್ಡ ದೇಹ ಸದ್ದಿಲ್ಲದೆ ನಡೆಯುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದವರು ಅವರು. ಅವರು ಕಂಡಿದ್ದ ಮೃಗಾಲಯದ ಆನೆ ಮಾತ್ರ ಸದಾ ನಿಂತೇ ಇರುತ್ತಿತ್ತು. "ಆ ನಡಿಗೆ ನೀವು ಕೇಳಿದೀರಾ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗ, "ಇಲ್ಲದ ಸದ್ದನ್ನ ಕೇಳೋದು ಹೇಗಯ್ಯಾ!" ಎಂದು ನಗಿಸಿ ಪಾರಾಗಿದ್ದರು. ಮನಸ್ಸು ಪಾರಾಗಿರಲಿಲ್ಲ.

ಆದ್ದರಿಂದಲೇ ಹೊರದೇಶದ ಈ ಆನೆ ಹಬ್ಬ! ಹೋಟೆಲಿನ ಕೌಂಟರಿನಾಕೆ ಸ್ಪಷ್ಟವಾಗಿ ಹೇಳಿದ್ದಳು: ಮೆರವಣಿಗೆ ಹೆದ್ದಾರಿಯಿಂದ ಅಂಗಡಿಗಲ್ಲಿಗೆ ತಿರುಗುತ್ತದೆ, ಆನೆಗಳು ಬೆದರಬಾರದೆಂದು ಗಲ್ಲಿಯಲ್ಲಿ ಬ್ಯಾಂಡು ನಿಲ್ಲಿಸುತ್ತಾರೆ. ಮೇಡಂಗೆ ಬೇಕಾದದ್ದೂ ಅದೇ.

"ಸಾಧ್ಯವೇ ಇಲ್ಲ!" ಎಂದರು ಇಂಜಿನಿಯರು. ಜೀವಮಾನವಿಡೀ ರಸ್ತೆ ಮಾಡಿಸಿದ ಮಹಾನುಭಾವರು. ಗಲ್ಲಿಯ ಬಾಯಿಯನ್ನು ಹೆಜ್ಜೆ ಹಾಕಿ ಅಳೆದರು, ಕೊಡೆ ಅಡ್ಡ ಹಿಡಿದು ಅಳೆದರು, ಒಂದು ಕಣ್ಣು ಮುಚ್ಚಿ ಅಳೆದರು. "ಈ ತಿರುವಲ್ಲಿ ಲಾರಿನೇ ತಿರುಗಲ್ಲ. ಆನೆ ತಿರುಗುತ್ತಾ?"

"ಆನೆ ಲಾರಿ ಅಲ್ಲ ರೀ. ನಿಂತಲ್ಲೇ ತಿರುಗುತ್ತೆ. ನಾನು ಪಾಠ ಮಾಡಿದೀನಿ."

"ನೀನು ಪಾಠ ಮಾಡಿದೀಯ. ನಾನು ರಸ್ತೆ ಮಾಡಿದೀನಿ! ನಡಿ, ಪೆಟ್ರೋಲ್ ಬಂಕ್ ಹತ್ರ ನಿಲ್ಲೋಣ. ನೇರ ಅಲ್ಲಿಗೇ ಬರಬೇಕು ಅವು."

ಮೇಡಂ ಗಲ್ಲಿಯಲ್ಲೇ ನಿಲ್ಲಬಹುದಿತ್ತು. ಆದರೆ ಡಾಕ್ಟರೇಟು ಸಿಕ್ಕಿದ್ದು ತಲೆಗೆ, ಕಾಲಿಗಲ್ಲ. ಗಂಡ ಮುಂದೆ ನಡೆದರೆ ಕಾಲು ಹಿಂದೆ ಹೋಗುತ್ತಿತ್ತು.

ಪೆಟ್ರೋಲ್ ಬಂಕಿನ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. "ನೋಡು, ನೂಕುನುಗ್ಗಲೇ ಇಲ್ಲ!" ಎಂದು ಇಂಜಿನಿಯರು ಎದೆಯುಬ್ಬಿಸಿದರು. ಬ್ಯಾಂಡು ದೂರದಲ್ಲಿ ಕೇಳಿಸಿತು. ಹತ್ತಿರವಾಯಿತು. ಗಲ್ಲಿಯ ಬಾಯಲ್ಲಿ ಥಟ್ಟನೆ ನಿಂತಿತು.

"ತಿರುಗಿದ್ವು," ಎಂದರು ಮೇಡಂ.

"ಯೋಜನೆಯಲ್ಲೇ ಲೋಪ! ಇರಲಿ, ಒಳದಾರಿ ಇದೆ, ಬಾ!"

ಒಳದಾರಿ ಅವರನ್ನು ಕರೆದೊಯ್ದು ನಿಲ್ಲಿಸಿದ್ದು ಒಂದು ಲಾಂಡ್ರಿಯ ಹಿತ್ತಲಲ್ಲಿ. ಒಣಹಾಕಿದ್ದ ಒದ್ದೆ ಹಾಸಿಗೆ ಬಟ್ಟೆಯೊಂದು ತಲೆಗೆ ಸಿಕ್ಕಿಕೊಂಡು ಇಂಜಿನಿಯರು ಕುರುಡಾಗಿ ಸುತ್ತಿದರು. ಹಗ್ಗ ಕಿತ್ತುಬಂತು. ತೊಳೆದದ್ದೆಲ್ಲ ಮಣ್ಣುಪಾಲು! ಲಾಂಡ್ರಿಯವಳು ಅರ್ಥವಾಗದ ಭಾಷೆಯಲ್ಲಿ ಚೆನ್ನಾಗಿ ಅರ್ಥವಾಗುವಂತೆ ಬೈದಳು. ನಾಯಿಯೂ ದನಿಗೂಡಿಸಿತು. ಓಡುವಾಗ ಮೇಡಂ ಚಪ್ಪಲಿ ಹರಿಯಿತು.

ಅಂತೂ ಗಲ್ಲಿಗೆ ಬಂದರೆ, ಜನರಿಲ್ಲ, ಆನೆಯಿಲ್ಲ. ನಡುರಸ್ತೆಯಲ್ಲಿ ಲದ್ದಿ ಮಾತ್ರ ಇನ್ನೂ ಹಬೆಯಾಡುತ್ತಿತ್ತು.

ಇಂಜಿನಿಯರು ಬಗ್ಗಿ ನೋಡಿದರು. "ಈ ಕಡೆಯಿಂದಾನೇ ಹೋಗಿವೆ."

"ಆಹಾ, ಏನು ಸಂಶೋಧನೆ!" ಮೇಡಂ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಗಲ್ಲಿಗೆ ಬೆನ್ನು ಹಾಕಿ ಕುಳಿತರು. "ಲದ್ದಿ ನೋಡೋಕೆ ವಿಮಾನ ಹತ್ತಿ ಬಂದ್ವಿ! ನಿಮ್ಮ ಜೊತೆ ಬಾಳಿದ್ದಕ್ಕೆ ನನಗೆ ಸಿಕ್ಕಿದ್ದೆಲ್ಲಾ ಇದೇ ರೀ. ಮೆರವಣಿಗೆ ಊರಿಗೆಲ್ಲ, ಹಿಂದೆ ಬೀಳೋದು ನನಗೆ. ಒಂದು ದಿನ, ಒಂದೇ ಒಂದು ದಿನ ನನ್ನ ಮಾತು ಕೇಳಿದೀರಾ? ನಾನು ಏನು ಪಾಠ ಮಾಡ್ತಿದ್ದೆ ಅಂತಾದ್ರೂ ಗೊತ್ತಾ ನಿಮಗೆ?"

ಮೇಡಂ ಹರಿದ ಚಪ್ಪಲಿಯನ್ನು ಮೆಟ್ಟಿಲಿಗೆ ಕುಕ್ಕಿದರು.

"ನೋಡಿ, ಈಗಲೂ ಕೇಳ್ತಿಲ್ಲ!"

ಇಂಜಿನಿಯರು ಸದ್ದಿಲ್ಲದೆ ಹತ್ತಿರ ಬಂದು, ಭುಜ ಹಿಡಿದು, ಹೆಂಡತಿಯನ್ನು ಮೆಲ್ಲನೆ ಗಲ್ಲಿಯತ್ತ ತಿರುಗಿಸಿದರು.

ಆನೆ ಕೈಯಳತೆಯಲ್ಲಿತ್ತು. ಮೆರವಣಿಗೆ ಮುಗಿದು, ಅಲಂಕಾರವೆಲ್ಲ ಕಳಚಿ, ಮಾವುತನ ಜೊತೆ ಲಾಯಕ್ಕೆ ಹಿಂತಿರುಗುತ್ತಿತ್ತು. ಆ ಗಾತ್ರ ಅವರ ಬೆನ್ನ ಹಿಂದೆಯೇ ಬಂದಿದ್ದರೂ ಮೇಡಂಗೆ ತಿಳಿದಿರಲಿಲ್ಲ. ಒಂದೊಂದು ಪಾದವೂ ನೆಲ ಮುಟ್ಟಿ ಹಿಗ್ಗಿತು, ಎತ್ತಿದಾಗ ಕುಗ್ಗಿತು. ಮಾವುತನ ಚಪ್ಪಲಿ ಮಾತ್ರ ಟಪಟಪ ಎನ್ನುತ್ತಿತ್ತು.

ಆನೆ ತಿರುವಿಗೆ ಬಂತು. ನಿಂತಲ್ಲೇ ತಿರುಗಿತು. ಹೋಯಿತು.

ಮೇಡಂ ಚಿಮ್ಮಿ ಎದ್ದರು. "ನೋಡಿದ್ರಾ! ಹಿಮ್ಮಡಿಯ ಅಡಿ ಕೊಬ್ಬು ಇದೆಯಲ್ಲ, ಭಾರ ಬಿದ್ದಾಗ ಅದು ಹರಡ್ಕೊಳ್ಳುತ್ತೆ, ಬೆರಳುಗಳ ಮೇಲೆ ನಿಂತ ಹಾಗೆ ಆನೆ..." ದನಿ ಕಾಲೇಜಿನ ಕೊನೆಯ ಬೆಂಚಿಗೂ ಮುಟ್ಟುವಷ್ಟು ಏರಿತ್ತು.

ಇಂಜಿನಿಯರು ಅಂಗೈಯಿಂದ ಹೆಂಡತಿಯ ಬಾಯಿ ಮುಚ್ಚಿದರು.

"ಶ್! ಹಿಂದೆ ಇನ್ನೊಂದು ಬರ್ತಿದೆ. ಕೇಳು."