ಮುತ್ತಜ್ಜನ ಜರ್ಮನ್ ಹೆಸರು

ಸುಸ್ತಾದ ಮನುಷ್ಯ ಒಂದೋ ಮಲಗುತ್ತಾನೆ, ಇಲ್ಲವೇ ತನ್ನ ವಂಶ ದೊಡ್ಡದು ಎಂದುಕೊಳ್ಳಲು ಶುರು ಮಾಡುತ್ತಾನೆ. ನನಗೆ ಮಲಗಲು ಪುರುಸೊತ್ತಿರಲಿಲ್ಲ. ದುಬೈಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಇಲ್ಲಿ ಮೂರು ವರ್ಷಕ್ಕೊಮ್ಮೆ ವೀಸಾ ಮುಗಿಯುತ್ತದೆ. ಮೂರು ವರ್ಷಕ್ಕೊಮ್ಮೆ ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ತೆಗೆಸಿಕೊಂಡು, ಇನ್ನೂ ಸ್ವಲ್ಪ ದಿನ ಇರಲೇ ಎಂದು ಕೇಳುವವರ ಸಾಲಿನಲ್ಲಿ ನಿಲ್ಲಬೇಕು. ಈ ಸಲವಂತೂ ನಾನು ಕಟ್ಟಡಗಳ ನಕ್ಷೆ ಬರೆಯುವ ದೇರಾದ ಆಫೀಸಿನ ಮ್ಯಾನೇಜರು ನನ್ನ ವೀಸಾದ ಮಾತೆತ್ತಿದರೆ 'ನೋಡೋಣ' ಎನ್ನುತ್ತಿದ್ದರು. ಗಲ್ಫಿನಲ್ಲಿ ಮ್ಯಾನೇಜರು 'ನೋಡೋಣ' ಎಂದರೆ ಸೂಟ್‌ಕೇಸಿನ ಧೂಳು ಒರೆಸಿಡುವುದು ಒಳ್ಳೆಯದು. ನನಗೆ ನಲವತ್ತೇಳು, ಮಗಳು ಒಂಬತ್ತನೇ ಕ್ಲಾಸು. 'ಇನ್ನು ನೀನು ಹೊರಡು' ಎಂದು ಯಾರೂ ಹೇಳದ ಒಂದು ಜಾಗ ಬೇಕಿತ್ತು, ಅಷ್ಟೆ.

ಆಗ ನೆನಪಾದದ್ದು ನನ್ನ ಹೆಸರು. ಸ್ಯಾಮ್ಯುವೆಲ್ ಹೆರ್ಲಿಂಗರ್. ಊರು ಉಡುಪಿ, ಮೈಬಣ್ಣ ಹುರಿದ ಕಾಫಿಬೀಜದ್ದು, ಹೆಸರು ಮಾತ್ರ ಅಪ್ಪಟ ಜರ್ಮನ್. ಹಿಂದೆ ಜರ್ಮನ್ ಪಾದ್ರಿಗಳು ನಮ್ಮ ಕಡೆಗೆ ಬಂದು ಶಾಲೆ, ಹೆಂಚಿನ ಕಾರ್ಖಾನೆ ಕಟ್ಟಿದ್ದರಲ್ಲ, ಅವರಲ್ಲೊಬ್ಬರು ನಮ್ಮ ಮುತ್ತಜ್ಜ ಎಂದು ಅಪ್ಪ ಹೇಳುತ್ತಿದ್ದರು. ಅದಕ್ಕೆ ಸಾಕ್ಷಿ ಅಪ್ಪನ ಮೂಗು. ಪಕ್ಕದ ಮೇಜಿನವನೊಬ್ಬ, 'ಅಜ್ಜ ಜರ್ಮನ್ ಆದರೆ ನಿನಗೂ ಆ ಪಾಸ್‌ಪೋರ್ಟ್ ಸಿಗ್ತದೆ ಮಾರಾಯ. ಆಮೇಲೆ ಇದೇ ನಕ್ಷೆ ಬರೆದರೂ ನೀನು ಸಾಹೇಬ!' ಎಂದು ನನ್ನ ತಲೆಯಲ್ಲಿ ಹುಳ ಬಿಟ್ಟ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಗ್ರೇಸ್ ನರ್ಸು, ಮಾತಿಗಿಂತ ರಿಪೋರ್ಟು ನಂಬುವವಳು. 'ಮೂಗು ತೋರಿಸಿದರೆ ಪಾಸ್‌ಪೋರ್ಟ್ ಕೊಡ್ತಾರಾ? ಕಾಗದ ಬೇಡ್ವಾ ಮಾರಾಯ್ರೇ?' ಎಂದಳು.

ಕಾಗದಕ್ಕಾಗಿ ಊರಿನ ಚರ್ಚಿನ ಸಭಾಪಾಲಕರಿಗೆ ಪತ್ರ ಬರೆದೆ: ದಯವಿಟ್ಟು ಹಳೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ನಮ್ಮ ಮುತ್ತಜ್ಜನನ್ನು ಹುಡುಕಿಕೊಡಿ. ಉತ್ತರಕ್ಕೆ ಕಾಯುತ್ತಾ ಎರಡು ತಿಂಗಳು ನಾನು ಜರ್ಮನನಾಗಿ ಬದುಕಿದೆ. ಆಫೀಸಿಗೆ ಐದು ನಿಮಿಷ ಮುಂಚೆ ಹೋದೆ. ಬಂಗುಡೆ ಸಾರಿಗೆ ಖಾರ ಕಮ್ಮಿ ಮಾಡಲು ಹೇಳಿದೆ. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ 'ಗುಟೆನ್ ಮಾರ್ಗನ್' ಎನ್ನತೊಡಗಿದಾಗ ಮಗಳು, 'ಪಪ್ಪಾ, ಪ್ಲೀಸ್ ಸ್ಟಾಪ್!' ಎಂದು ಮೆಟ್ಟಿಲು ಇಳಿದು ಹೋಗಲು ಶುರು ಮಾಡಿದಳು. ನಾವಿದ್ದದ್ದು ಅಲ್ ನಹ್ದಾದ ಐದನೇ ಮಹಡಿಯಲ್ಲಿ.

ಕೊನೆಗೆ ಉತ್ತರ ಬಂತು, ಜೊತೆಗೆ ರಿಜಿಸ್ಟರಿನ ಒಂದು ಪುಟದ ಫೋಟೋಕಾಪಿ. ಮಸಿ ಹರಡಿದ ಹಳೆಯ ಕನ್ನಡ ಅಕ್ಷರ. ಓದಿದೆ. 'ಹುಡುಗ, ಸುಮಾರು ಒಂಬತ್ತು ವರ್ಷ. ತಂದೆ ತಾಯಿ, ತಿಳಿಯದು. ಊರು, ತಿಳಿಯದು. ಹೆರ್ಲಿಂಗರ್ ಅಯ್ಯನವರು ದೀಕ್ಷಾಸ್ನಾನ ಕೊಟ್ಟು ತಮ್ಮ ಹೆಸರನ್ನೇ ಇಟ್ಟರು.' ಪಾದ್ರಿಗಳು ಸಾಕಿದ ಮಕ್ಕಳಿಗೆ ಆಗ ಹೀಗೆ ಹೆಸರಿಡುವುದಿತ್ತಂತೆ. ಖಲಾಸ್! ಮುತ್ತಜ್ಜ ಜರ್ಮನ್ ಅಲ್ಲ. ದಿಕ್ಕಿಲ್ಲದೆ ಬಂದ ಯಾವುದೋ ಮಗು. ನನಗೆ ಅಳು ಬಂತು, ಮುತ್ತಜ್ಜನಿಗಾಗಿ ಅಲ್ಲ, ಪಾಸ್‌ಪೋರ್ಟಿಗಾಗಿ. ಪತ್ರದ ಕೊನೆಯಲ್ಲಿ ಸಭಾಪಾಲಕರು ಇನ್ನೊಂದು ಸಾಲು ಸೇರಿಸಿದ್ದರು: ಇದೇ ಹೆಸರಿನ ಬಿಳಿಯರೊಬ್ಬರು ತಮ್ಮ ಮನೆತನ ಹುಡುಕುತ್ತಾ ಚರ್ಚಿಗೆ ಬಂದಿದ್ದಾರೆ, ದುಬೈ ಮಾರ್ಗವಾಗಿ ವಾಪಸ್ಸು ಹೋಗುತ್ತಾರೆ, ನಿಮ್ಮ ಫೋನ್ ನಂಬರ್ ಕೊಟ್ಟಿದ್ದೇನೆ.

ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚೂ ಅಂದೇ; ನಾವು ಚರ್ಚು ಮುಗಿಸಿ ಬರುವಷ್ಟರಲ್ಲಿ, ಫೋನಿನಲ್ಲಿ ವಿಳಾಸ ಕೇಳಿಕೊಂಡಿದ್ದ ಅವರು ಬಾಗಿಲಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ ಉದ್ದನೆಯ ಮನುಷ್ಯ, ಬಗಲಲ್ಲಿ ದಪ್ಪ ಫೈಲು. ಒಳಗೆ ಕೂತು ನೀರುದೋಸೆ ತಿನ್ನುತ್ತಾ ಇಂಗ್ಲಿಷಿನಲ್ಲಿ ಕಥೆ ಹೇಳಿದರು. ಹೆರ್ಲಿಂಗರ್ ಪಾದ್ರಿಗಳು ಅವರ ಮುತ್ತಜ್ಜ. ಉಡುಪಿಯಿಂದ ಅಮೆರಿಕಕ್ಕೆ ವಲಸೆ ಹೋಗಿ, ಮಕ್ಕಳು ಚಿಕ್ಕವರಿರುವಾಗಲೇ ತೀರಿಕೊಂಡರು. ಜರ್ಮನಿಯಲ್ಲಿ ಯಾವ ಊರಿನವರು ಎಂದು ಮಕ್ಕಳಿಗೂ ಗೊತ್ತಿಲ್ಲ, ಮೊಮ್ಮಕ್ಕಳಿಗೂ ಗೊತ್ತಿಲ್ಲ. ಇವರು ಹತ್ತು ವರ್ಷದಿಂದ ಚರ್ಚುಗಳ ರಿಜಿಸ್ಟರು ತಿರುವುತ್ತಿದ್ದರು. 'ಹಾಗಾದರೆ ನಿಮ್ಮದು ಜರ್ಮನ್ ಪಾಸ್‌ಪೋರ್ಟ್ ಅಲ್ಲವೇ?' ಎಂದೆ. ಅಲ್ಲವಂತೆ. ಹೋಗಲಿ ಬಿಡಿ.

ನನ್ನ ಹತ್ತಿರವಿದ್ದ ಫೋಟೋಕಾಪಿ ಕೊಟ್ಟೆ. ಅವರಿಗೆ ಕನ್ನಡ ಬಾರದು. 'ನೀವೇ ಓದಿ ಹೇಳಿ, ಈ ಹುಡುಗ ಅವರ ಮಗನೇ?' ಎಂದು ನನ್ನ ಮುಖ ನೋಡಿದರು. ಹೌದು ಎಂದಿದ್ದರೆ ಆ ಮನುಷ್ಯ ನಾನು ಅವರ ವಂಶದವನೇ ಎಂದು ಸಂತೋಷದಿಂದ ಎಲ್ಲಿ ಬೇಕಾದರೂ ಸಹಿ ಹಾಕುತ್ತಿದ್ದರು. ಗ್ರೇಸ್ ಅಡುಗೆಮನೆಯ ಬಾಗಿಲಿಂದ ನನ್ನನ್ನೇ ದಿಟ್ಟಿಸುತ್ತಿದ್ದಳು. ನಾನು ಸತ್ಯವಂತನೇನಲ್ಲ. ಸುಳ್ಳು ಹೇಳಿ ಅದನ್ನು ಸಾಕುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಇದ್ದದ್ದನ್ನು ಇದ್ದ ಹಾಗೆ ಮೊದಲಿನಿಂದ ಓದಿದೆ. ಈ ಸಲ ಪುಟದ ತುದಿಯ ಸಹಿಯವರೆಗೂ ಓದಿದೆ. ಮೊದಲ ಸಲ ಅಲ್ಲಿವರೆಗೆ ಹೋಗಲು ನನಗೆ ಮನಸ್ಸಾಗಿರಲಿಲ್ಲ. ನಮ್ಮವರಿಗೆ ಊರಿನ ಹೆಸರು ಸೇರಿಸದೆ ಮನುಷ್ಯನ ಹೆಸರು ಬರೆದು ಅಭ್ಯಾಸವಿಲ್ಲ. ಆ ಕಾಲದ ಗುಮಾಸ್ತ ಪಾದ್ರಿಗಳನ್ನೂ ಬಿಟ್ಟಿರಲಿಲ್ಲ. 'ಲಿಂಡನ್‌ಟಾಲ್ ಊರಿನ ಹೆರ್ಲಿಂಗರ್ ಅಯ್ಯನವರು' ಎಂದು ಸಹಿಯ ಕೆಳಗೆ ದುಂಡಗೆ ಬರೆದಿಟ್ಟಿದ್ದ.

ಮುದುಕರು ನನ್ನಿಂದ ಆ ಹೆಸರನ್ನು ಮೂರು ಸಲ ಹೇಳಿಸಿದರು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತರು. ವಿಮಾನದ ಟಿಕೆಟು ಬದಲಾಯಿಸಿ ನೇರ ಆ ಊರಿಗೇ ಹೋಗುತ್ತೇನೆ ಎಂದು ಹೊರಟೇಬಿಟ್ಟರು. 'ಪಾಪ, ಎಷ್ಟು ಖುಷಿಯಾಯ್ತು ಅವರಿಗೆ! ನಿಮ್ಮ ಮುತ್ತಜ್ಜನ ಊರು ಮಾತ್ರ ಬರೆಯಲೇ ಇಲ್ಲ ನೋಡಿ' ಎಂದಳು ಗ್ರೇಸ್. ಬರೆಯುವುದೆಲ್ಲಿಂದ? ಆ ಮಗುವಿಗೇ ಗೊತ್ತಿರಲಿಲ್ಲ. ಆದರೂ ಇಲ್ಲೇ ಇರು ಎಂದಿದ್ದರಲ್ಲ ಆ ಪಾದ್ರಿಗಳು, ಎಕ್ಸ್‌ರೇ ಕೂಡ ಕೇಳದೆ. ಅದು ನೆನಪಾಗಿ ನನಗೆ ಯಾಕೋ ಊಟ ಸೇರಲಿಲ್ಲ.

ಮ್ಯಾನೇಜರು ನೋಡಿ ನೋಡಿ ಕೊನೆಗೆ ಮೂರು ವರ್ಷಕ್ಕೆ ಒಪ್ಪಿದರು. ಫಾರಂ ತುಂಬಿಸಲು ಟೈಪಿಂಗ್ ಸೆಂಟರಿಗೆ ಹೋದೆ. ಅಲ್ಲಿದ್ದವನು ತಲೆ ಎತ್ತದೆಯೇ ನನ್ನ ಸ್ವಂತ ಊರು ಯಾವುದೆಂದು ಕೇಳಿದ. ಉಡುಪಿ ಎಂದೆ, ಮುತ್ತಜ್ಜನಿಗೂ ಸೇರಿಸಿ ಸ್ವಲ್ಪ ಗಟ್ಟಿಯಾಗಿಯೇ. ಅವನು ಬರೆದುಕೊಂಡ. ಪುರಾವೆ ಕೇಳಲಿಲ್ಲ.