ಮೂರನೆಯ ಸುತ್ತಿನ ವಿಚಾರವಾಗಿ ಹಸಿರು ಪಟ್ಟಿಯವರಿಗೆ

ಗೆ,
ಮಾನ್ಯ ಹಸಿರು ಪಟ್ಟಿಯವರು,
ಧ್ವನಿ ಪರಿವರ್ತನಾ ಶಾಖೆ,
ನಮ್ಮ ಅಡುಗೆಮನೆ ಮೂಲೆಯ ಕಂಪ್ಯೂಟರು,
ಇನ್ವರ್ನೆಸ್ ಕೌಂಟಿ, ಕೇಪ್ ಬ್ರೆಟನ್.

ಮಾನ್ಯರೇ,

ಪರದೆಯ ಎಡತುದಿಯಲ್ಲಿ ಹುಟ್ಟಿ ಬಲತುದಿಯ ಕಡೆಗೆ ಯಾವ ಅವಸರವೂ ಇಲ್ಲದೆ ಬೆಳೆಯುತ್ತಿರುವ ತಮಗೆ, ಎಪ್ಪತ್ತಾರು ವರ್ಷದ ಆಂಗಸ್ ಜೋ ಗಿಲ್ಲಿಸ್ ಮಾಡುವ ನಮಸ್ಕಾರಗಳು. ಮೂವತ್ತು ಚಳಿಗಾಲ ಹಿಮ ತಳ್ಳುವ ಲಾರಿ ಓಡಿಸಿದವನಾದ್ದರಿಂದ ನಿಧಾನ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು ಎಂಬ ಜಂಬ ನನ್ನಲ್ಲಿತ್ತು. ಅದನ್ನು ಇಳಿಸಿದ್ದಕ್ಕೆ ಮೊದಲು ತಮಗೆ ಧನ್ಯವಾದ ಹೇಳಬೇಕು. ಈ ಪತ್ರದ ಒಂದು ಪ್ರತಿಯನ್ನು ಸಹಕಾರಿ ಅಂಗಡಿಯ ಬಾಗಿಲಿಗೂ ಅಂಟಿಸುತ್ತಿದ್ದೇನೆ, ಏಕೆಂದರೆ ಈ ವ್ಯಾಜ್ಯದಲ್ಲಿ ಊರಿನ ಅರ್ಧ ಜನ ಒಂದು ಕಡೆ, ಉಳಿದರ್ಧ ಇನ್ನೊಂದು ಕಡೆ ನಿಂತು ಹನ್ನೊಂದು ವರ್ಷವಾಯಿತು.

ತಮಗೆ ಹಿನ್ನೆಲೆ ತಿಳಿದಿರಲಾರದು. ನಮ್ಮಪ್ಪ ಪಿಟೀಲು ನುಡಿಸುತ್ತಿದ್ದರು. ಅಮ್ಮನಿಗೆ ಒಲೆ ಕೊಂಡ ವರ್ಷ ಅವರೇ ಕಟ್ಟಿದ 'ಮೇರಿ ಆ್ಯನ್‌ಳ ಹೊಸ ಒಲೆ' ಎಂಬ ರಾಗಕ್ಕೆ ಎರಡೇ ಸುತ್ತು, ಅಂದರೆ ಎರಡೇ ಭಾಗ, ಎಂದು ನಾನೂ, ಮೂರು ಸುತ್ತು ಎಂದು ನನ್ನ ಅಕ್ಕ ಸೇಡಿಯೂ ಒಂದು ಕ್ರಿಸ್ಮಸ್ ಊಟದಲ್ಲಿ ವಾದಕ್ಕೆ ಬಿದ್ದೆವು. ಅಂದಿನಿಂದ ನಾವಿಬ್ಬರೂ ಹವಾಮಾನ ಮತ್ತು ರಸ್ತೆಯ ಸ್ಥಿತಿಗತಿ ಬಿಟ್ಟು ಬೇರೆ ಮಾತಾಡಿದವರಲ್ಲ. ಕಳೆದ ಭಾನುವಾರ ಅವಳು ಹ್ಯಾಲಿಫ್ಯಾಕ್ಸ್‌ನ ಆಸ್ಪತ್ರೆಯಿಂದ ಫೋನು ಮಾಡಿ, "ಶುಕ್ರವಾರ ಬೆಳಿಗ್ಗೆ ನನ್ನ ಎದೆ ಸೀಳ್ತಾರಂತೆ ಕಣೋ. ಅಪ್ಪನ ಟೇಪು ನಿನ್ನ ಹತ್ರಾನೇ ಇದೆಯಲ್ಲ, ತಗೊಂಡ್ ಬಾ. ಎರಡೇ ಸುತ್ತಿದ್ರೆ ನಾನು ಸೋತೆ ಅಂತ ಒಪ್ಕೊಂಡು ಹೋಗ್ತೀನಿ, ಮೂರಿದ್ರೆ ನೀನು ಒಪ್ಕೋ. ನಾನು ಸತ್ ಮೇಲೆ ನೀನು ಒಪ್ಕೊಂಡ್ರೆ ನಂಗೇನು ಬಂತು?" ಎಂದಳು. ಅವಳಿಗೆ ಎಂಬತ್ತೊಂದು. ನನಗೆ ಹೆದರಿಕೆಯಾಯಿತು.

ಅಪ್ಪನ ಕಾಲದ ಕ್ಯಾಸೆಟ್ಟುಗಳನ್ನೆಲ್ಲ ನಮ್ಮ ಗ್ರಂಥಾಲಯದವರು ಹಿಂದೆಯೇ ಒಂದು ಭಾರಿ ಕಡತವಾಗಿ ಮಾಡಿಕೊಟ್ಟಿದ್ದರು, ಒಟ್ಟು ಮೂವತ್ತೊಂದು ಗಂಟೆ. ಒಬ್ಬರೇ ಕೇಳಿ ಹೇಳಿದರೆ ಇನ್ನೊಬ್ಬರು ನಂಬುವುದಿಲ್ಲವೆಂದು ಅದನ್ನು ಯಾರೂ ತೆರೆದಿರಲಿಲ್ಲ. ಸೇಡಿ ಕೊರಳಿಗೆ ನೇತುಹಾಕಿಕೊಳ್ಳುವ ಪುಟ್ಟ ಯಂತ್ರಕ್ಕೆ ಎಂಪಿತ್ರೀ ಮಾತ್ರ ಒಗ್ಗುತ್ತದೆ. ಆದ್ದರಿಂದ ಸೋಮವಾರ ಬೆಳಿಗ್ಗೆ ತಮ್ಮನ್ನು ಆಶ್ರಯಿಸಿದೆ. ತಾವು 'ಇನ್ನು ಎರಡು ನಿಮಿಷ' ಎಂದು ಭರವಸೆ ಕೊಟ್ಟು, ಊಟವಾದ ಮೇಲೂ ಆ ಮಾತಿಗೆ ಬದ್ಧರಾಗಿದ್ದಿರಿ. ಮಾತು ಬದಲಿಸದ ಇಂಥ ನಿಷ್ಠೆಯನ್ನು ನಮ್ಮ ಕೌಂಟಿಯ ಯಾವ ಚುನಾವಣಾ ಅಭ್ಯರ್ಥಿಯಲ್ಲೂ ನಾನು ಕಂಡಿಲ್ಲ.

ನನ್ನ ಕಡೆಯಿಂದ ಸೇವೆಯಲ್ಲಿ ಲೋಪವಾಗಲಿಲ್ಲ. ತಮ್ಮ ಏಕಾಂತಕ್ಕೆ ಭಂಗವಾಗದಿರಲೆಂದು ಉಳಿದ ಎಲ್ಲ ಕಿಟಕಿಗಳನ್ನು ಮುಚ್ಚಿದೆ. ವೈರಸ್ ಕಾಯುವವನಿಗೆ ರಜೆ ಕೊಟ್ಟೆ. ಪೆಟ್ಟಿಗೆಯ ಹಿಂಬದಿಯ ಫ್ಯಾನಿನಿಂದ ಇನ್ನೊಂದು ಬೆಕ್ಕು ಮಾಡುವಷ್ಟು ಬೆಕ್ಕಿನ ಕೂದಲು ತೆಗೆದೆ. ಮಂಗಳವಾರ, ತಾವು ನೂರಕ್ಕೆ ಅರುವತ್ತೊಂದನ್ನು ಮುಟ್ಟಿದ್ದಾಗ, ಯಾರೋ ಹೇಳಿದರೆಂದು ಯಂತ್ರವನ್ನು ಆರಿಸಿ ಹೊತ್ತಿಸಿದೆ. ತಾವು ಸ್ವಲ್ಪವೂ ಬೇಸರಿಸದೆ ಸೊನ್ನೆಯಿಂದ ಮತ್ತೆ ಶುರುಮಾಡಿದಿರಿ. ಬೇಸರ ನನಗಾಯಿತು. ಆಗ ನಾನಾಡಿದ ಮಾತುಗಳನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ.

ಬುಧವಾರ ಮಧ್ಯಾಹ್ನ, ಅಂಚೆ ಹಂಚುವ ರಾಡಿಯ ಸೊಸೆ, ಕಂಪ್ಯೂಟರು ಬಲ್ಲ ಮ್ಯೂರಿಯಲ್ ಬಂದು ನೋಡಿ, "ಒಂದು ರಾಗ ಸಾಕಲ್ಲ ಆಂಗಸ್ ಜೋ, ಅದೊಂದನ್ನೇ ಕತ್ತರಿಸಿಕೊಳ್ಳೋದಲ್ವಾ?" ಎಂದು ಕೇಳಿದಳು. ಆ ಟೇಪಿನಲ್ಲಿ ನಮ್ಮ ಅಡುಗೆಮನೆಗೆ ಬಂದ ಇಪ್ಪತ್ತು ಮೂವತ್ತು ಜನರಿದ್ದಾರೆ, ಈಗ ಬಹುಪಾಲು ಎಲ್ಲರೂ ಸ್ಮಶಾನದಲ್ಲಿದ್ದಾರೆ, ನಮ್ಮ ಮನೆಯಲ್ಲಿ ಚಹಾ ಕುಡಿಯುವ ಮೊದಲು ಯಾರನ್ನೂ ಎಬ್ಬಿಸಿ ಕಳಿಸಿದ್ದಿಲ್ಲ ಎಂದೆ. ಅವಳು ತಮ್ಮ ಪಕ್ಕದಲ್ಲಿದ್ದ ಒಂದು ಪುಟ್ಟ ಚೌಕವನ್ನು ತೋರಿಸಿ, "ಇದರಲ್ಲಿ ಗುರುತು ಹಾಕಿದೀರಿ ನೋಡಿ. ಪಾಪ, ಅದು ನಿಮಗೆ ನುಡಿಸಿ ಕೇಳಿಸ್ತಾ ಕೇಳಿಸ್ತಾ ಮಾಡ್ತಿದೆ. ಮೂವತ್ತೊಂದು ಗಂಟೆಗೆ ಮೂವತ್ತೊಂದು ಗಂಟೆನೇ ಹಿಡಿಯುತ್ತೆ. ಸ್ಪೀಕರ್ ಯಾಕೆ ಆರಿಸಿದ್ರಿ?" ಎಂದಳು. ಎದುರು ಪಕ್ಷದವಳು ಆಸ್ಪತ್ರೆಯಲ್ಲಿ ಮಲಗಿರುವಾಗ ಸಾಕ್ಷ್ಯವನ್ನು ನಾನೊಬ್ಬನೇ ಕೇಳುವುದು ಸರಿಯಲ್ಲವೆಂದು ಆರಿಸಿದ್ದೆ. ಎರಡು ದಿನ ತಾವು ಖಾಲಿ ಅಡುಗೆಮನೆಗೆ ಕಛೇರಿ ನಡೆಸಿಕೊಟ್ಟಿರೆಂದು ಆಗ ತಿಳಿಯಿತು. ಮ್ಯೂರಿಯಲ್ ಗುರುತು ತೆಗೆದಳು, ಹನ್ನೊಂದು ನಿಮಿಷದಲ್ಲಿ ಎಲ್ಲ ಮುಗಿಯಿತು.

ದೂರು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮ್ಯೂರಿಯಲ್, "ಸರಿಯಾಗಿ ಬಂದಿದೆಯೋ ಇಲ್ವೋ ಕೇಳಿ ನೋಡ್ಬೇಕು, ಅಷ್ಟು ದೂರ ಹೋಗಿ ಪೆಚ್ಚಾಗ್ಬಾರ್ದು," ಎಂದು ಹುಡುಕಿ ಆ ರಾಗವನ್ನೇ ಹಾಕಿದಳು. ಟೇಪಿನಲ್ಲಿ ಅಪ್ಪ ನುಡಿಸಿದರು, ಸೇಡಿ ಪಿಯಾನೋದಲ್ಲಿ ಜೊತೆಗೂಡಿದಳು, ನಾನು ತಾಳಕ್ಕೆ ಕಾಲು ಕುಟ್ಟಿದೆ. ಎರಡು ಸುತ್ತಾಯಿತು. ನಾನು ಗೆದ್ದೆನೆಂದು ಮ್ಯೂರಿಯಲ್ ಕಡೆ ತಿರುಗುವಷ್ಟರಲ್ಲಿ, ಅಪ್ಪ ತಂತಿಯಿಂದ ಕಮಾನು ಎತ್ತದೆಯೇ, "ಆಂಗಸ್ ಜೋ, ಒಲೆಗೆ ಸೌದೆ ಸಾಲ್ದು, ಎರಡು ಕೊರಡು ತಗೊಂಡ್ ಬಾರೋ," ಎಂದರು. ಬಾಗಿಲು ದಢಾರನೆ ಮುಚ್ಚಿತು. ಆಮೇಲೆ ಮೂರನೆಯ ಸುತ್ತು ಬಂತು. ಅಷ್ಟು ಚಂದದ್ದನ್ನು ಅಪ್ಪ ನುಡಿಸಿದ್ದು ನಾನು ಕೇಳಿರಲಿಲ್ಲ. ಮತ್ತೆ ಬಾಗಿಲು ಸದ್ದಾಯಿತು, "ಮುಗೀತಾ?" ಎಂದು ನನ್ನದೇ ದನಿ. ಬೇರೆ ನಾಲ್ಕು ಸಂಜೆಗಳ ಟೇಪಿನಲ್ಲೂ ಇದೇ ಕತೆ. ಆಗ ನನಗೆ ಇಪ್ಪತ್ತೊಂಬತ್ತು, ಎರಡು ಮಕ್ಕಳ ತಂದೆ.

ಆದ್ದರಿಂದ ಮಾನ್ಯರೇ, ನನ್ನ ನಿಜವಾದ ಅಹವಾಲು ಇಷ್ಟೆ: ಯಾವ ಮಾದರಿಯನ್ನು ಬೇಕಾದರೂ ಯಾವ ಮಾದರಿಗೆ ಬೇಕಾದರೂ ಬದಲಿಸಬಲ್ಲ ತಾವು, ಆ ಬಾಗಿಲಿನ ಸದ್ದನ್ನು ತೆಗೆದು ನನ್ನನ್ನು ಒಳಗೇ ಕೂರಿಸುವ ಸೌಲಭ್ಯವಿದ್ದರೆ ದಯಮಾಡಿ ತಿಳಿಸಬೇಕು. ಪರಿವರ್ತನೆ ಇನ್ನೂ ಮುಗಿದಿಲ್ಲ ಎಂದು ಸೇಡಿಗೆ ಸುಳ್ಳು ಹೇಳಿಬಿಡಲೇ ಎಂದು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಯೋಚಿಸಿದ್ದೂ ನಿಜ. ತಮ್ಮನ್ನು ಬಲ್ಲ ಯಾರೂ ಅದನ್ನು ಅನುಮಾನಿಸುತ್ತಿರಲಿಲ್ಲ. ಗುರುವಾರ ಬೆಳಿಗ್ಗೆಯೇ ಹೊರಡುತ್ತೇನೆ, ನಾಲ್ಕು ಗಂಟೆಯ ದಾರಿ.

ಸೋಲನ್ನು ಎಂಪಿತ್ರೀ ಮಾಡಿಸಿಕೊಂಡು ಜೇಬಿನಲ್ಲಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಆಂಗಸ್ ಜೋ ಗಿಲ್ಲಿಸ್

ವಿ.ಸೂ.: ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಯಿತು, ಸೇಡಿ ಭಾನುವಾರ ಎದ್ದು ಕೂತು ಆಸ್ಪತ್ರೆಯ ಗಂಜಿಯನ್ನು ಬೈದಳು. ಹಿಂದಿನ ಗುರುವಾರ ನಾನು ತಲೆ ತಗ್ಗಿಸಿ, ಮೂರು ಸುತ್ತು, ನಾನೇ ತಪ್ಪು ಎಂದು ಒಪ್ಪಿಕೊಂಡಾಗ ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿ, ನನ್ನ ಕೈ ಹಿಡಿದುಕೊಂಡು ಹೇಳಿದ್ದಿದು: "ಸೌದೆಗೆ ನಿನ್ನನ್ನ ಕಳಿಸು ಅಂತ ಅಪ್ಪನಿಗೆ ಹೇಳ್ಕೊಟ್ಟೋಳು ನಾನೇ ಕಣೋ. ನೀನು ತಾಳ ತಪ್ಪಿ ಕಾಲು ಕುಟ್ಟೋದು ಕೇಳ್ಕೊಂಡು ಆ ಸುತ್ತು ನುಡಿಸೋಕೆ ದೇವರಿಂದ್ಲೂ ಆಗ್ತಿರ್ಲಿಲ್ಲ." ಈ ಹೇಳಿಕೆಯನ್ನು ಯಾವ ಮಾದರಿಗೂ ಪರಿವರ್ತಿಸಬಾರದಾಗಿ ಕೋರುತ್ತೇನೆ.